ನಾಗಂದಿಗೆಯಿಂದ ಇಳಿದ ಹಾಡಿನ ತಟ್ಟೆಗಳು: ಯಾವುದನ್ನು ಯಾವುದರಲ್ಲಿ, ಹೇಗೆ ಹಾಕುವುದು

ಮಳೆ ಹಿಂದೆ ಸರಿದು, ಅಡಿಕೆ ಕೊಯ್ಲಿಗೆ ಇನ್ನೂ ಒಂದಿಷ್ಟು ದಿನ ಇದೆ ಅನ್ನುವಾಗ ನಮ್ಮ ಕಡೆ ನಾಗಂದಿಗೆ, ಅಟ್ಟ, ಕಪಾಟು ಎಲ್ಲ ಖಾಲಿ ಮಾಡಿ ಅಂಗಳದ ಬಿಸಿಲಿಗೆ ಹರವುತ್ತಾರೆ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಹಾಗೆ ಹರವುವಾಗ ಪ್ರತಿ ವರ್ಷ ಒಂದು ತಗಡಿನ ಟ್ರಂಕು ಹೊರಗೆ ಬರುತ್ತದೆ. ತಳದಲ್ಲಿ ಅಜ್ಜನ ಕಾಲದ ಕರಿ ಪ್ಲೇಟುಗಳು. ಅದರ ಮೇಲೆ ದೊಡ್ಡಪ್ಪ ಶಿವಮೊಗ್ಗದಿಂದ ತಂದ ಎಲ್‌ಪಿಗಳು. ಅದರ ಮೇಲೆ ಭಾವಗೀತೆ, ಯಕ್ಷಗಾನ, ದಾಸರ ಪದಗಳ ಸಿಡಿಗಳು. ಎಲ್ಲಕ್ಕಿಂತ ಮೇಲೆ, ಕಾಲೇಜು ದಿನಗಳಲ್ಲಿ ನಾನು ಪೇಟೆಯಲ್ಲಿ ರೈಟ್ ಮಾಡಿಸಿಕೊಂಡ ಎಂಪಿತ್ರೀ ಸಿಡಿಗಳು.

ಈ ಸಲ ನಾನು ತೋಟದಿಂದ ಬರುವಷ್ಟರಲ್ಲಿ ಅಮ್ಮ ಅವನ್ನೆಲ್ಲ ಹಪ್ಪಳದ ಪಕ್ಕದಲ್ಲೇ ಬಿಸಿಲಿಗೆ ಸಾಲಾಗಿ ಇಟ್ಟುಬಿಟ್ಟಿದ್ದಳು. ರಜೆಗೆ ಬಂದಿದ್ದ ತಂಗಿಯ ಮಗ ಅಜ್ಜನ ಪ್ಲೇಟೊಂದನ್ನು ಎತ್ತಿಕೊಂಡು ತನ್ನ ಹೊಸ ಸೂಟ್‌ಕೇಸ್ ಟರ್ನ್‌ಟೇಬಲ್‌ಗೆ, ಅಂದರೆ ಪೆಟ್ಟಿಗೆಯಂಥ ಪ್ಲೇಟು ತಿರುಗಿಸುವ ಯಂತ್ರಕ್ಕೆ, ಹಾಕಲು ಹೊರಟಿದ್ದ. "ಮಾವ, ಇದ್ಯಾಕೆ ರಾಕ್ಷಸ ಹಾಡಿದ ಹಾಗೆ ಕೇಳುತ್ತೆ?" ಅಂದ. ಇಬ್ಬರಿಗೂ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆದಿದ್ದೇನೆ. ಇಷ್ಟು ವರ್ಷ ಈ ಟ್ರಂಕಿನ ಜೊತೆ ಗುದ್ದಾಡಿ ನಾನು ಕಂಡುಕೊಂಡದ್ದು: ಕೆಟ್ಟಿದೆ ಎಂದು ನಾವು ಎಸೆಯುವ ತಟ್ಟೆಗಳಲ್ಲಿ ಮುಕ್ಕಾಲು ಪಾಲು ಕೆಟ್ಟೇ ಇರುವುದಿಲ್ಲ. ಒಂದೋ ತಪ್ಪು ಯಂತ್ರಕ್ಕೆ ಹಾಕಿರುತ್ತೇವೆ, ಇಲ್ಲಾ ತೇವ ಆರುವ ಮೊದಲೇ ಹಾಕಿರುತ್ತೇವೆ.

ಮೊದಲು ಕೈಯಲ್ಲಿರುವುದು ಎಂಥದ್ದು ಅಂತ ನೋಡಿ

ದಪ್ಪ, ಭಾರ, ಬಗ್ಗದ ಕರಿ ಪ್ಲೇಟು, ಹೆಚ್ಚಾಗಿ 10 ಇಂಚು ಅಗಲ, ಒಂದು ಬದಿಗೆ ಒಂದೇ ಹಾಡು: ಇದು 78. ಅಂದರೆ ನಿಮಿಷಕ್ಕೆ 78 ಸುತ್ತು. ಇದು ಪ್ಲಾಸ್ಟಿಕ್ಕಲ್ಲ, ಅರಗು ಬೆರೆಸಿ ಮಾಡಿದ್ದು. ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದರೆ ಹೆಂಚು ತಟ್ಟಿದ ಸದ್ದು ಬರುತ್ತದೆ, ಕೈಜಾರಿದರೆ ಹೆಂಚಿನ ಹಾಗೇ ಒಡೆಯುತ್ತದೆ. 1902ರಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಹಾಡಿದ್ದು ಈ ಜಾತಿಯ ಪ್ಲೇಟಿಗೇ. ನಮ್ಮ ದೇಶದಲ್ಲಿ 1960ರ ದಶಕದಲ್ಲೂ ಇವು ಬರುತ್ತಿದ್ದವು. ಹಾಗಾಗಿ ಹಳೇ ಮನೆಗಳ ಅಟ್ಟದಲ್ಲಿ ಇನ್ನೂ ಸಿಗುತ್ತವೆ.

ಸ್ವಲ್ಪ ಬಗ್ಗುವ, ತೆಳುವಾದ, 12 ಇಂಚಿನದು ಎಲ್‌ಪಿ. ವೇಗ 33⅓, ಬದಿಗೆ ಇಪ್ಪತ್ತು ನಿಮಿಷದ ಆಸುಪಾಸು. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ಮಾರುಕಟ್ಟೆಗೆ ತಂದದ್ದು. 7 ಇಂಚಿನ ಪುಟ್ಟದು ಸಾಮಾನ್ಯವಾಗಿ 45ರ ವೇಗದ್ದು. ಸಿನಿಮಾ ಹಾಡುಗಳು ಇದರಲ್ಲೇ ಹೆಚ್ಚು. ಗಾತ್ರ ನೋಡಿ ವೇಗ ಊಹಿಸುವುದಕ್ಕಿಂತ ನಡುವಿನ ಲೇಬಲ್ ಓದುವುದು ಒಳ್ಳೆಯದು, ಅಲ್ಲೇ ಬರೆದಿರುತ್ತದೆ.

12 ಸೆಂಟಿಮೀಟರಿನ ಹೊಳೆಯುವ ತಟ್ಟೆಗಳಲ್ಲಿ ಮಾತ್ರ ಗೊಂದಲ ಜಾಸ್ತಿ. ಹಾಡಿನ ಸಿಡಿ, ಎಂಪಿತ್ರೀ ಸಿಡಿ, ವಿಸಿಡಿ, ಡಿವಿಡಿ ಎಲ್ಲವೂ ನೋಡಲು ಒಂದೇ. ತಿರುಗಿಸಿ ಕೆಳಗಿನ ಬದಿ ನೋಡಿ. ಕನ್ನಡಿಯಂತೆ ಬೆಳ್ಳಗಿದ್ದರೆ ಅದು ಕಾರ್ಖಾನೆಯಲ್ಲಿ ಅಚ್ಚೊತ್ತಿದ್ದು. ತಿಳಿ ಹಸಿರು, ನೀಲಿ ಅಥವಾ ಹೊಂಬಣ್ಣದ ಛಾಯೆ ಇದ್ದರೆ ರೈಟ್ ಮಾಡಿದ್ದು; ಒಳಗಿರುವ ಬಣ್ಣದ ಪದರವನ್ನು ಲೇಸರಿನಿಂದ ಸುಟ್ಟು ಬರೆದಿರುತ್ತಾರೆ. ಅಂಚನ್ನು ಬೆಳಕಿಗೆ ಹಿಡಿದಾಗ ಎರಡು ತಟ್ಟೆ ಅಂಟಿಸಿದ ಹಾಗೆ ನಡುವೆ ಸಣ್ಣ ಗೆರೆ ಕಂಡರೆ ಅದು ಡಿವಿಡಿ. ಹೌದು, ಡಿವಿಡಿ ನಿಜಕ್ಕೂ 0.6 ಮಿಲಿಮೀಟರಿನ ಎರಡು ತಟ್ಟೆ ಅಂಟಿಸಿದ್ದೇ. ಅದನ್ನು ಸಿಡಿ ಪ್ಲೇಯರ್ ಓದುವುದಿಲ್ಲ. ಡಿವಿಡಿ ಪ್ಲೇಯರ್ ಮಾತ್ರ ಎರಡನ್ನೂ ಓದುತ್ತದೆ.

ಒಣಗಿಸುವುದು, ತೊಳೆಯುವುದು

ಬೇರೆ ಊರಿನವರಿಗೆ ಧೂಳಿನ ಚಿಂತೆ, ನಮಗೆ ಬೂಷ್ಟಿನದು. ಆಗುಂಬೆ ಸೀಮೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವಾಗ ಗೋಡೆ, ಚಪ್ಪಲಿ, ಬೆಲ್ಟು ಎಲ್ಲದರ ಮೇಲೂ ಬಿಳಿ ಪೊರೆ ಕಟ್ಟುತ್ತದೆ, ಪ್ಲೇಟನ್ನು ಬಿಟ್ಟೀತೇ? ಸಿಡಿಯನ್ನೂ ಬಿಡುವುದಿಲ್ಲ. ಮಧ್ಯ ಅಮೆರಿಕದ ಬೆಲೀಜ್‌ನಿಂದ ಬಂದ ಒಂದು ಸಿಡಿಯ ಒಳಗಿನ ಅಲ್ಯೂಮಿನಿಯಂ ಪದರವನ್ನೇ ಬೂಷ್ಟು ತಿಂದುಹಾಕಿದ್ದನ್ನು ಸ್ಪೇನಿನ ವಿಜ್ಞಾನಿಗಳು 2001ರಲ್ಲಿ ಪ್ರಕಟಿಸಿದ್ದರು. ಅಲ್ಲಿನ ಹವೆಯೂ ನಮ್ಮ ಆಷಾಢದ ಹಾಗೆ, ಬಿಸಿ ಮತ್ತು ತೇವ.

ಅಮ್ಮ ಮಾಡಿದ ಹಾಗೆ ಬಿಸಿಲಿಗೆ ಮಾತ್ರ ಇಡಬೇಡಿ. ಎಲ್‌ಪಿ ಅರ್ಧ ಗಂಟೆಯಲ್ಲಿ ದೋಸೆಯ ಅಂಚಿನಂತೆ ಏಳುತ್ತದೆ, ಮತ್ತೆ ನೇರವಾಗುವುದು ಕಷ್ಟ. ರೈಟ್ ಮಾಡಿದ ಸಿಡಿಯ ಬಣ್ಣದ ಪದರ ಬಿಸಿಲಿಗೆ ಮಾಸುತ್ತದೆ, ಮಾಸಿದರೆ ಹಾಡೂ ಹೋಯಿತು. ಬಚ್ಚಲೊಲೆ ಹತ್ತಿರ, ಹೊಡಸಲಿನ ಮೇಲೆ ಇಡುವುದೂ ಬೇಡ. ಕಾವಿನ ಜೊತೆ ಹೊಗೆಯ ಜಿಡ್ಡೂ ಕೂರುತ್ತದೆ. ಜಗಲಿಯ ನೆರಳಲ್ಲಿ, ಫ್ಯಾನಿನ ಗಾಳಿಗೆ, ಪಾತ್ರೆ ಸ್ಟ್ಯಾಂಡಿನಲ್ಲಿ ತಟ್ಟೆ ನಿಲ್ಲಿಸಿದ ಹಾಗೆ ಒಂದರ್ಧ ದಿನ ನಿಲ್ಲಿಸಿದರೆ ಸಾಕು.

ಸಿಡಿ ತೊಳೆಯುವ ಕ್ರಮ:

1. ನಲ್ಲಿಯ ತಣ್ಣೀರು ಬಿಟ್ಟು ಮೇಲಿನ ಧೂಳು ಹೋಗಲಿ. ಒಣ ಬಟ್ಟೆಯಿಂದ ಮೊದಲೇ ಉಜ್ಜಿದರೆ ಆ ಧೂಳೇ ಗೀರು ಹಾಕುತ್ತದೆ.
2. ಪಾತ್ರೆ ತೊಳೆಯುವ ದ್ರವ ಒಂದು ಹನಿ. ಪುಡಿ, ಬೂದಿ ಬೇಡ.
3. ಕನ್ನಡಕ ಒರೆಸುವಂಥ ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತಲೂ ತಿರುವಿ ಒರೆಸಬೇಡಿ.
4. ಮತ್ತೆ ನೀರು, ಒದರಿ, ನೆರಳಲ್ಲಿ ಒಣಗಿಸಿ.

ಮೂರನೆಯದಕ್ಕೆ ಕಾರಣ ಇದೆ. ಸಿಡಿಯ ಹಾಡು ಒಳಗಿನಿಂದ ಹೊರಕ್ಕೆ ಚಕ್ಕುಲಿ ಸುತ್ತಿನಂತೆ ಒಂದೇ ಗೆರೆಯಲ್ಲಿ ಇರುತ್ತದೆ. ಆ ಗೆರೆ ಬಿಡಿಸಿ ಎಳೆದರೆ ಐದು ಕಿಲೊಮೀಟರಿಗೂ ಉದ್ದ. ಅಡ್ಡ ಗೀರು ಬಿದ್ದರೆ ಪ್ರತಿ ಸುತ್ತಿನಲ್ಲೂ ಚೂರೇ ಚೂರು ಹೋಗುತ್ತದೆ. ಎರಡೂವರೆ ಮಿಲಿಮೀಟರಿನವರೆಗಿನ ಅಂಥ ನಷ್ಟವನ್ನು ಪ್ಲೇಯರ್ ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ, ಕಿವಿಗೆ ಗೊತ್ತೇ ಆಗುವುದಿಲ್ಲ. ಸುತ್ತಿನ ಉದ್ದಕ್ಕೆ ಬಿದ್ದ ಗೀರು ಹಾಡಿನ ಒಂದು ತುಂಡನ್ನೇ ನುಂಗುತ್ತದೆ, ಅಲ್ಲಿ ಹಾಡು ಹಾರುತ್ತದೆ ಇಲ್ಲವೇ ನಿಂತಲ್ಲೇ ತೊದಲುತ್ತದೆ.

ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಸಿಡಿಯಲ್ಲಿ ಜೋಪಾನ ಮಾಡಬೇಕಾದದ್ದು ಹೊಳೆಯುವ ಬದಿಗಿಂತ ಹೆಸರು ಅಚ್ಚಾದ ಬದಿಯನ್ನು. ಕೆಳಗೆ ಒಂದು ಮಿಲಿಮೀಟರಿಗೂ ದಪ್ಪದ ಪ್ಲಾಸ್ಟಿಕ್ಕಿನ ರಕ್ಷೆ ಇದೆ. ಮೇಲೆ ಬರೀ ವಾರ್ನಿಷ್ ಮತ್ತು ಬಣ್ಣದ ತೆಳು ಪೊರೆ, ಅದರ ಅಡಿಯಲ್ಲೇ ಹಾಡು. ಮೇಲಿನ ಬದಿಗೆ ಗೀರು ಬಿದ್ದು ಬೆಳಕು ಆಚೆ ಕಾಣುತ್ತಿದೆ ಅಂದರೆ ಅಲ್ಲಿ ರಿಪೇರಿಗೆ ಏನೂ ಉಳಿದಿಲ್ಲ. ಅದರ ಮೇಲೆ ಬಾಲ್ ಪೆನ್ನಲ್ಲಿ ಬರೆಯುವುದು, ಕಾಗದದ ಚೀಟಿ ಅಂಟಿಸುವುದು ಎರಡೂ ತಪ್ಪು. ಕೆಳಬದಿಯ ಗೀರಿಗೆ ಬಿಳಿ ಟೂತ್‌ಪೇಸ್ಟ್ ಹಚ್ಚಿ ಉಜ್ಜುವ ಉಪಾಯ ಸುಳ್ಳಲ್ಲ, ಕೆಲವು ಸಲ ಕೆಲಸ ಮಾಡುತ್ತದೆ. ಆದರೆ ಅದು ಎಲ್ಲ ಮುಗಿದ ಮೇಲಿನ ಕೊನೆಯ ಮದ್ದು.

ಎಲ್‌ಪಿಗೆ ಬಟ್ಟಿ ಇಳಿಸಿದ ನೀರು ಒಳ್ಳೆಯದು, ಬ್ಯಾಟರಿಗೆ ಹಾಕಲು ಪೆಟ್ರೋಲ್ ಬಂಕಿನಲ್ಲೂ ಸಿಗುತ್ತದೆ. ಅದಕ್ಕೆ ಸೋಪಿನ ಹನಿ ಬೆರೆಸಿ ಗೆರೆಯ ದಾರಿಯಲ್ಲೇ, ಅಂದರೆ ಸುತ್ತಲೂ, ಒರೆಸಿ. ಸಿಡಿಗೆ ಹೇಳಿದ್ದಕ್ಕೆ ಸರೀ ಉಲ್ಟಾ. ಲೇಬಲ್ಲಿಗೆ ನೀರು ತಾಗದಿರಲಿ. ಮನೆಮದ್ದು ಅಂತ ಅಂಟುವಾಳಕಾಯಿ ನೀರಲ್ಲಿ ತೊಳೆದು ನೋಡಿದ್ದೇನೆ. ಗೆರೆಯೊಳಗೆ ಗಷ್ಟು ಕೂತು, ಇದ್ದ ಸದ್ದಿಗೆ ಇನ್ನಷ್ಟು ಸದ್ದು ಸೇರಿತು.

78ಕ್ಕೂ ಅದೇ ಸೋಪುನೀರು ಸಾಕು, ನೆನೆಹಾಕಬಾರದು ಅಷ್ಟೆ. ಸ್ಪಿರಿಟ್ಟನ್ನಂತೂ ಹತ್ತಿರ ತರಬೇಡಿ. ಬೂಷ್ಟು ಬೇಗ ಹೋಗಲಿ ಅಂತ ನಾನೊಮ್ಮೆ ಸರ್ಜಿಕಲ್ ಸ್ಪಿರಿಟ್ ಅದ್ದಿದ ಹತ್ತಿಯಲ್ಲಿ ಒರೆಸಿದೆ. ಹತ್ತಿ ಕರ್ರಗಾಯಿತು. ಎಂಥಾ ಕೊಳೆ ಹೋಯಿತಪ್ಪ ಅಂತ ಖುಷಿಪಟ್ಟೆ. ಹೋದದ್ದು ಕೊಳೆಯಲ್ಲ, ಪ್ಲೇಟೇ. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ ಅನ್ನುವುದು ಮರಕ್ಕೆ ಪಾಲಿಶ್ ಹೊಡೆಯುವ ಆಚಾರಿಗೆ ಗೊತ್ತು, ನನಗೆ ಗೊತ್ತಿರಲಿಲ್ಲ.

ಸಿಡಿ ಪ್ಲೇಯರಿಗೆ ಹಾಕುವುದು

ಇದು ಸುಲಭ: ಟ್ರೇ ತೆಗೆದು ಹೆಸರಿನ ಬದಿ ಮೇಲಾಗಿ ಇಟ್ಟು ಒಳಕ್ಕೆ ಕಳಿಸಿ, ಹಾಡುಗಳ ಸಂಖ್ಯೆ ತೋರಿಸಿದ ಮೇಲೆ ಒತ್ತಿ. ಟ್ರೇಯನ್ನು ಕೈಯಿಂದ ನೂಕಬೇಡಿ, ಅದರ ಹಲ್ಲು ಮತ್ತು ಬೆಲ್ಟು ಎರಡೂ ನಾಜೂಕು. ಮುಚ್ಚಳ ಎತ್ತುವ ಸಣ್ಣ ಪ್ಲೇಯರ್ ಆದರೆ ನಡುವಿನ ಗುಬ್ಬಿಗೆ ಟಕ್ ಅನ್ನುವ ತನಕ ಕೂರಿಸಿ. ತೆಗೆಯುವಾಗ ಗುಬ್ಬಿಯನ್ನು ಒಂದು ಬೆರಳಲ್ಲಿ ಒತ್ತಿ ಹಿಡಿದು ಅಂಚಿನಿಂದ ಎತ್ತಿ.

"ನೋ ಡಿಸ್ಕ್" ಅಂತ ಬಂದರೆ ನಿಜವಾದ ಕೆಲಸ ಶುರು. ನಾನು ನೋಡುವ ಕ್ರಮ ಹೀಗೆ.

ಮೊದಲು ಅದೇ ಪ್ಲೇಯರಿಗೆ ಅಂಗಡಿಯಿಂದ ಕೊಂಡ ಒಂದು ಒಳ್ಳೇ ಸಿಡಿ ಹಾಕಿ. ಅದು ಓಡಿದರೆ ತಪ್ಪು ತಟ್ಟೆಯದ್ದು, ಓಡದಿದ್ದರೆ ಪ್ಲೇಯರಿನದ್ದು. ಈ ಒಂದು ಪರೀಕ್ಷೆ ಮಾಡದೆಯೇ ಎಷ್ಟೋ ಜನ ಪ್ಲೇಯರನ್ನು ಗುಜರಿಗೆ ಹಾಕಿದ್ದಾರೆ.

ತಪ್ಪು ಪ್ಲೇಯರಿನದ್ದಾದರೆ, ಅದರಲ್ಲೂ ಪುಷ್ಯ ಮಳೆಯ ದಿನವಾದರೆ, ಕಣ್ಣಿಗೆ ಕಾಣದ ತೇವ ಲೆನ್ಸಿನ ಮೇಲೆ ಕೂತಿರುವ ಸಾಧ್ಯತೆಯೇ ಹೆಚ್ಚು. ತಟ್ಟೆ ತೆಗೆದು, ಪ್ಲೇಯರನ್ನು ಆನ್ ಮಾಡಿ ಒಂದು ಗಂಟೆ ಹಾಗೇ ಬಿಡಿ. ಯಂತ್ರದ್ದೇ ಕಾವಿಗೆ ತೇವ ಆರುತ್ತದೆ. ನಮ್ಮ ಮನೆಯಲ್ಲಿ ಇದನ್ನು "ಪ್ಲೇಯರ್ ಬೆಚ್ಚಗೆ ಮಾಡೋದು" ಅಂತಲೇ ಅನ್ನುತ್ತಾರೆ. ಕಾಫಿಗೆ ನೀರಿಡುವಾಗ ಸ್ವಿಚ್ ಹಾಕಿದರೆ ತಿಂಡಿ ಮುಗಿಯುವ ಹೊತ್ತಿಗೆ ಹಾಡು ಬರುತ್ತದೆ.

ಅಷ್ಟಕ್ಕೂ ಬರದಿದ್ದರೆ ಲೆನ್ಸ್ ಒರೆಸಬೇಕು. ಪ್ಲಗ್ ಕಿತ್ತು, ಕಿವಿಗೆ ಬಳಸುವ ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹನಿಸಿ, ಸಣ್ಣ ಮಣಿಯಂಥ ಆ ಲೆನ್ಸನ್ನು ಮಗುವಿನ ಕಣ್ಣು ಒರೆಸುವಷ್ಟು ಹಗುರವಾಗಿ ಒರೆಸಿ. ಅದು ಸೂಕ್ಷ್ಮ ಸ್ಪ್ರಿಂಗಿನ ಮೇಲೆ ಕೂತಿರುತ್ತದೆ, ಒತ್ತಿದರೆ ಆಟ ಮುಗಿಯಿತು. ಆನ್ ಇದ್ದಾಗ ಒಳಗೆ ಇಣುಕಬೇಡಿ. ಸಿಡಿಯ ಲೇಸರ್ 780 ನ್ಯಾನೊಮೀಟರಿನದು, ಹೆಚ್ಚುಕಡಿಮೆ ಕಣ್ಣಿಗೆ ಕಾಣುವುದೇ ಇಲ್ಲ. ಕಾಣಲಿಲ್ಲ ಅಂತ ಕಣ್ಣಿಗೆ ತೊಂದರೆ ಮಾಡುವುದಿಲ್ಲ ಅಂತಲ್ಲ.

ಟ್ರೇ ಹೊರಗೆ ಬರದೆ ಕರ್ ಕರ್ ಅಂದರೆ ಒಳಗಿನ ಪುಟ್ಟ ರಬ್ಬರ್ ಬೆಲ್ಟು ಸಡಿಲವಾಗಿದೆ ಅಂತಲೇ ಲೆಕ್ಕ. ನನಗೊಬ್ಬರು ರಿಪೇರಿಯವರು ಇಡೀ ಯಂತ್ರವೇ ಹೋಗಿದೆ, ಹೊಸದು ತಗೊಳ್ಳಿ ಅಂದಿದ್ದರು. ಹಳೇ ಬೆಲ್ಟಿನ ಅಳತೆಗೆ ದಾರ ಇಟ್ಟು ಅಷ್ಟೇ ಸುತ್ತಳತೆಯ ಬೆಲ್ಟು ತರಿಸಿ ಹಾಕಿದೆ, ಇವತ್ತಿಗೂ ಓಡುತ್ತಿದೆ.

ತಪ್ಪು ತಟ್ಟೆಯದ್ದಾದರೆ ಕಾರಣಗಳು ಬೇರೆ. ಹಳೇ ಸಿಡಿ ಪ್ಲೇಯರುಗಳಿಗೆ ಎಂಪಿತ್ರೀ ಗೊತ್ತೇ ಇಲ್ಲ. ಸಿಡಿ ಹೊರಬಂದ 1982ರಲ್ಲಿ ಅಂಥದ್ದೊಂದು ಇರಲೇ ಇಲ್ಲ. ಅಳಿಸಿ ಮತ್ತೆ ಬರೆಯುವ ಆರ್‌ಡಬ್ಲ್ಯೂ ತಟ್ಟೆ ಬೆಳಕನ್ನು ತೀರಾ ಕಡಿಮೆ ಹಿಂದಿರುಗಿಸುತ್ತದೆ, ಹಳೇ ಯಂತ್ರಕ್ಕೆ ಅದು ಖಾಲಿ ಹಲಗೆ ಇದ್ದ ಹಾಗೆ. ರೈಟ್ ಮಾಡಿದವರು ಕೊನೆಯಲ್ಲಿ "ಫೈನಲೈಸ್" ಮಾಡದೆ, ಅಂದರೆ ಬರೆದು ಮುಗಿಯಿತು ಅಂತ ತಟ್ಟೆಗೆ ಮುಕ್ತಾಯ ಹಾಕದೆ, ಕೊಟ್ಟಿದ್ದರೆ ಬರೆದ ಕಂಪ್ಯೂಟರಿನಲ್ಲಿ ಓಡುತ್ತದೆ, ಬೇರೆಡೆ ಓಡುವುದಿಲ್ಲ.

ಡಿವಿಡಿ ಪ್ಲೇಯರ್ ಮತ್ತು ಕಾರು

ಮನೆಯಲ್ಲಿ ಸಿಡಿ ಪ್ಲೇಯರ್ ಇಲ್ಲ, ಟಿವಿ ಕೆಳಗೆ ಹಳೇ ಡಿವಿಡಿ ಪ್ಲೇಯರ್ ಧೂಳು ತಿನ್ನುತ್ತಿದೆ ಅಂದರೆ ನಿಮ್ಮ ಮುಕ್ಕಾಲು ಸಮಸ್ಯೆ ಮುಗಿಯಿತು. ಹಾಡಿನ ಸಿಡಿ, ಎಂಪಿತ್ರೀ, ವಿಸಿಡಿ ಎಲ್ಲ ಅದರಲ್ಲಿ ಓಡುತ್ತವೆ. ಹಿಂದಿನ ಕೆಂಪು ಮತ್ತು ಬಿಳಿ ತೂತುಗಳಿಂದ ಆಂಪ್ಲಿಫೈಯರಿನ ಆಕ್ಸ್ ತೂತಿಗೆ ವೈರ್ ಕೊಡಿ. ಹಳದಿ ಚಿತ್ರಕ್ಕೆ, ಹಾಡಿಗೆ ಬೇಡ. ಹಾಡಿನ ಸಿಡಿಗೆ ಟಿವಿಯೂ ಬೇಡ. ಎಂಪಿತ್ರೀ ಸಿಡಿಯಲ್ಲಿ ಫೋಲ್ಡರ್ ಹುಡುಕಲು ಮಾತ್ರ ಟಿವಿ ಹಚ್ಚಬೇಕಾಗುತ್ತದೆ.

"ಡಿವಿಡಿ ಓಡುತ್ತೆ, ಸಿಡಿ ಮಾತ್ರ ಓಡಲ್ಲ" ಎಂಬ ವಿಚಿತ್ರ ದೂರು ಕೇಳಿದ್ದೀರಾ? ಆ ಪೆಟ್ಟಿಗೆಯೊಳಗೆ ಎರಡು ಲೇಸರ್ ಇರುತ್ತವೆ. ಡಿವಿಡಿಗೆ 650 ನ್ಯಾನೊಮೀಟರಿನ ಕೆಂಪು, ಸಿಡಿಗೆ 780ರದ್ದು. ರೈಟ್ ಮಾಡಿದ ಸಿಡಿಯ ಬಣ್ಣ ಕೆಂಪು ಬೆಳಕನ್ನು ಸರಿಯಾಗಿ ಹಿಂದಿರುಗಿಸದ ಕಾರಣ ಎರಡನೆಯದು ಬೇಕೇ ಬೇಕು. ಅದೊಂದು ಸೋತರೆ ಸಿನಿಮಾ ಬರುತ್ತದೆ, ಹಾಡು ಬರುವುದಿಲ್ಲ. ತಟ್ಟೆಯನ್ನು ಬೈಯುವ ಮೊದಲು ಇದನ್ನು ನೆನಪಿಡಿ.

ಕಾರಿನಲ್ಲಿ ತಟ್ಟೆಯನ್ನು ಸೀಳಿನೊಳಗೆ ತೂರಿಸುವ ಪ್ಲೇಯರ್ ಇದ್ದರೆ ಎರಡು ಮಾತು. 8 ಸೆಂಟಿಮೀಟರಿನ ಮರಿ ಸಿಡಿ ಹಾಕಬೇಡಿ, ಒಳಗೇ ಉಳಿಯುತ್ತದೆ. ಕಾಗದ ಅಂಟಿಸಿದ್ದನ್ನೂ ಹಾಕಬೇಡಿ. ನಿಂತ ಕಾರಿನ ಸೆಕೆಗೆ ಅಂಟು ಬಿಟ್ಟು ಒಳಗೆ ಮುದುಡಿಕೊಳ್ಳುತ್ತದೆ. ಹೊಂಡದ ರಸ್ತೆಯಲ್ಲಿ ಹಾಡು ಹಾರುವುದಕ್ಕೆ ಮದ್ದು ಎಂಪಿತ್ರೀ ಸಿಡಿ: ಪ್ಲೇಯರ್ ಮುಂದಿನ ತುಂಡನ್ನು ಮೊದಲೇ ಓದಿ ಇಟ್ಟುಕೊಳ್ಳುತ್ತದೆ, ಕಿರಿದಾದ ಫೈಲ್ ಆದ್ದರಿಂದ ಹೆಚ್ಚು ಸೆಕೆಂಡಿನಷ್ಟು ಸಿಗುತ್ತದೆ. ಆಗುಂಬೆ ಘಾಟಿ ಇಳಿಯುವಾಗ ಮಾತ್ರ ಹಾಡು ಬಂದ್ ಮಾಡಿ, ತಿರುವಿನಲ್ಲಿ ಎದುರಿನ ಬಸ್ಸಿನ ಹಾರ್ನ್ ಕೇಳಿಸಬೇಕು.

ಕಾರಿಗೆಂದು ನೀವೇ ರೈಟ್ ಮಾಡುವುದಾದರೆ: "ಆಡಿಯೊ ಸಿಡಿ" ಅಂತ ಆರಿಸಿದರೆ 80 ನಿಮಿಷ, ಹದಿನಾರು ಹದಿನೇಳು ಹಾಡು, ಹೆಚ್ಚುಕಡಿಮೆ ಎಲ್ಲ ಪ್ಲೇಯರಿನಲ್ಲೂ ಓಡುತ್ತದೆ. "ಡೇಟಾ ಸಿಡಿ" ಅಂತ ಆರಿಸಿದರೆ 700 ಎಂಬಿ, 128 ಕೆಬಿಪಿಎಸ್ ಎಂಪಿತ್ರೀಯಾದರೆ ಸುಮಾರು ಹನ್ನೆರಡು ಗಂಟೆ, ಆದರೆ ಎಂಪಿತ್ರೀ ಗೊತ್ತಿರುವ ಪ್ಲೇಯರಿನಲ್ಲಿ ಮಾತ್ರ. ಬರೆಯುವ ವೇಗ 52ಕ್ಕೆ ಏರಿಸದೆ 16ರ ಆಸುಪಾಸು ಇಟ್ಟುಕೊಳ್ಳಿ. ಫೈಲಿನ ಹೆಸರು ಕನ್ನಡ ಲಿಪಿಯಲ್ಲಿ ಕೊಟ್ಟರೆ ಹಳೇ ಪ್ಲೇಯರಿನ ಪರದೆಯಲ್ಲಿ ಬರೀ ಡಬ್ಬಿ ಡಬ್ಬಿ ಕಾಣುತ್ತದೆ. ಬೇಸರದ ಸಂಗತಿ, ಆದರೆ ಅಲ್ಲಿ ಇಂಗ್ಲಿಷ್ ಅಕ್ಷರವೇ ಗತಿ. ಹೆಸರಿನ ಮುಂದೆ 01, 02 ಅಂತ ಸಂಖ್ಯೆ ಹಾಕದಿದ್ದರೆ ತಾಳಮದ್ದಲೆಯ ಮೂರನೇ ಭಾಗ ಮುಗಿದ ಮೇಲೆ ಒಂದನೇ ಭಾಗ ಬಂದು, ಸತ್ತ ಕರ್ಣ ಎದ್ದು ಮಾತಾಡುತ್ತಾನೆ.

ಲ್ಯಾಪ್‌ಟಾಪು

ಈಗಿನ ಲ್ಯಾಪ್‌ಟಾಪುಗಳಲ್ಲಿ ತಟ್ಟೆ ಹಾಕುವ ಜಾಗವೇ ಇಲ್ಲ. ಯುಎಸ್‌ಬಿಗೆ ಚುಚ್ಚುವ ಹೊರಗಿನ ಡಿವಿಡಿ ಡ್ರೈವ್ ಕೊಳ್ಳಿ. ತಟ್ಟೆ ತಿರುಗಿ ತಿರುಗಿ ನಿಂತುಹೋದರೆ ಕರೆಂಟು ಸಾಲುತ್ತಿಲ್ಲ ಅಂತ. ಎರಡು ಬಾಲದ ವೈರ್ ಇದ್ದರೆ ಎರಡನ್ನೂ ಚುಚ್ಚಿ. ಕೇಳಲು ವಿಎಲ್‌ಸಿ ಎಂಬ ತಂತ್ರಾಂಶ ಸಾಕು.

ಪೆನ್‌ಡ್ರೈವಿಗೆ ಹಾಕಿಕೊಳ್ಳುವಾಗ ಹತ್ತರಲ್ಲಿ ಎಂಟು ಜನ ಬೀಳುವ ಹೊಂಡ ಒಂದಿದೆ. ಸಿಡಿ ತೆರೆದರೆ ಸಾಲಾಗಿ ಸಿಡಿಎ ಎಂಬ ಬಾಲದ ಫೈಲುಗಳು ಕಾಣುತ್ತವೆ. ಅದನ್ನೇ ಕಾಪಿ ಮಾಡಿ, ಕ್ಷಣದಲ್ಲಿ ಮುಗಿಯಿತಲ್ಲ ಅಂತ ಖುಷಿಪಟ್ಟು ತಟ್ಟೆಯನ್ನು ಯಾರಿಗೋ ಕೊಟ್ಟುಬಿಡುತ್ತಾರೆ. ಆ ಒಂದೊಂದು ಫೈಲೂ 44 ಬೈಟು ಮಾತ್ರ. ಹಾಡು ಎಲ್ಲಿದೆ ಅಂತ ಹೇಳುವ ವಿಳಾಸದ ಚೀಟಿ ಅದು, ಹಾಡಲ್ಲ. ಹಾಡನ್ನು ನಿಜವಾಗಿ ಇಳಿಸಿಕೊಳ್ಳಲು ವಿಂಡೋಸಿನಲ್ಲಿ ಎಕ್ಸಾಕ್ಟ್ ಆಡಿಯೊ ಕಾಪಿ, ಲಿನಕ್ಸಿನಲ್ಲಿ ಸೌಂಡ್ ಜ್ಯೂಸರ್‌ನಂಥ ತಂತ್ರಾಂಶ ಬೇಕು. ಒಂದು ತಟ್ಟೆಗೆ ಕೆಲವು ನಿಮಿಷವಾದರೂ ಹಿಡಿಯುತ್ತದೆ. ಕ್ಷಣದಲ್ಲಿ ಮುಗಿದರೆ ಒಮ್ಮೆ ಕೇಳಿ ನೋಡಿ. ಎಂಪಿತ್ರೀ ಬದಲು ಫ್ಲ್ಯಾಕ್ ಎಂಬ ಬಗೆಯ ಫೈಲ್ ಆರಿಸಿದರೆ ತಟ್ಟೆಯಲ್ಲಿರುವ 44.1 ಕಿಲೊಹರ್ಟ್ಸ್, 16 ಬಿಟ್ಟಿನ ಧ್ವನಿ ಚೂರೂ ಕಡಿಮೆಯಾಗದೆ ಬರುತ್ತದೆ. ಹಾಡಿನ ಹೆಸರು ತಟ್ಟೆಯಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ. ಇಂಟರ್‌ನೆಟ್ಟಿನ ಪಟ್ಟಿಯಿಂದ ಬರುತ್ತದೆ. ಕನ್ನಡ ಸಿಡಿಗಳ ವಿಷಯದಲ್ಲಿ ಆ ಪಟ್ಟಿಯನ್ನು ನಂಬುವ ಹಾಗಿಲ್ಲ, ನೀವೇ ಕವರು ನೋಡಿ ಟೈಪ್ ಮಾಡಿ.

ರೈಟ್ ಮಾಡಿಸಿದ ಸಿಡಿಗಳಿಗೆ ಈ ಕೆಲಸ ಮೊದಲು ಮಾಡಿ. ನನ್ನ ಟ್ರಂಕಿನಲ್ಲಿ ಅಜ್ಜನ ಪ್ಲೇಟು ಇವತ್ತೂ ಹಾಡುತ್ತದೆ; ನನ್ನದೇ ಎಂಪಿತ್ರೀ ಸಿಡಿಗಳಲ್ಲಿ ಅರ್ಧ ಆಗಲೇ ಮೂಕಾಗಿವೆ.

ಎಲ್‌ಪಿ

ಮಲೆನಾಡಿನ ಮನೆಯಲ್ಲಿ ಟರ್ನ್‌ಟೇಬಲ್ ಎಲ್ಲಿಡಬೇಕು ಅನ್ನುವುದೇ ಅರ್ಧ ವಿದ್ಯೆ. ಮೆತ್ತಿನ, ಅಂದರೆ ಮಹಡಿಯ, ಹಲಗೆ ನೆಲದ ಮೇಲೆ ಇಟ್ಟರೆ ಯಾರಾದರೂ ನಡೆದಾಗೆಲ್ಲ ಮುಳ್ಳು ಹಾರುತ್ತದೆ. ಕೆಳಗಿನ ನೆಲದಲ್ಲಿ ಗಟ್ಟಿ ಮೇಜಿನ ಮೇಲೆ, ಅಡಿಗೊಂದು ಕಡಪ ಕಲ್ಲು ಹಾಕಿ ಇಡಿ. ಗಾರೆ ಕೆಲಸದವರ ರಸಮಟ್ಟ ತಂದು ಎರಡೂ ದಿಕ್ಕಿಗೆ ಮಟ್ಟ ನೋಡಿ. ಸ್ಪೀಕರ್ ಅದೇ ಮೇಜಿನ ಮೇಲೆ ಬೇಡ.

ಆಮೇಲೆ ಮುಳ್ಳಿನ ತೋಳಿನ ತೂಕ. ಹಿಂದಿನ ಗುಂಡನ್ನು ತಿರುಗಿಸುತ್ತಾ ತೋಳು ತಕ್ಕಡಿಯಂತೆ ಮೇಲೂ ಹೋಗದೆ ಕೆಳಗೂ ಬೀಳದೆ ಗಾಳಿಯಲ್ಲಿ ನಿಲ್ಲುವ ಹಾಗೆ ಮಾಡಿ. ಈ ಹೊತ್ತಿಗೆ ಆಂಟಿ ಸ್ಕೇಟ್ (ತೋಳು ನಡುವಿಗೆ ಜಾರದಂತೆ ಹಿಡಿಯುವ ಗುಂಡಿ) ಸೊನ್ನೆಯಲ್ಲಿರಲಿ. ಗುಂಡನ್ನು ಅಲುಗಿಸದೆ ಅದರ ಮುಂದಿನ ಅಂಕಿಯ ಬಳೆಯನ್ನಷ್ಟೇ ಸೊನ್ನೆಗೆ ತನ್ನಿ. ಈಗ ಗುಂಡು, ಬಳೆ ಎರಡನ್ನೂ ಒಟ್ಟಿಗೆ ತಿರುಗಿಸಿ, ಕಾರ್ಟ್ರಿಜ್ (ತೋಳಿನ ತುದಿಯಲ್ಲಿ ಮುಳ್ಳು ಕೂರುವ ಪುಟ್ಟ ಡಬ್ಬಿ) ಕಂಪನಿ ಹೇಳಿದ ತೂಕಕ್ಕೆ ನಿಲ್ಲಿಸಿ. ಸಾಮಾನ್ಯ ಮ್ಯಾಗ್ನೆಟ್ ಕಾರ್ಟ್ರಿಜ್ಜಿಗೆ ಅದು ಒಂದೂವರೆಯಿಂದ ಎರಡು ಗ್ರಾಂ. ಆಂಟಿ ಸ್ಕೇಟನ್ನೂ ಅದೇ ಅಂಕಿಗೆ ತನ್ನಿ. ಮುಳ್ಳು ಹಾರುತ್ತದೆ ಅಂತ ತೋಳಿನ ತುದಿಗೆ ನಾಣ್ಯ ಇಡುವ ಹಳೇ ಚಾಳಿ ಬಿಡಿ. ನಮ್ಮ ದೊಡ್ಡಪ್ಪನ ಎಲ್‌ಪಿಗಳ ಮೊದಲ ಹಾಡುಗಳೆಲ್ಲ ಸವೆದದ್ದು ಒಂದು ನಾಲ್ಕಾಣೆಯಿಂದ.

ತಂಗಿಯ ಮಗನ ಸೂಟ್‌ಕೇಸ್ ಟರ್ನ್‌ಟೇಬಲ್‌ನಂಥವುಗಳಲ್ಲಿ ತೂಕ ಬದಲಿಸಲು ಬರುವುದೇ ಇಲ್ಲ, ಹಲವು ಐದು ಗ್ರಾಮಿನ ಹತ್ತಿರ ಒತ್ತುತ್ತವೆ. ಹಳೇ ಪ್ಲೇಟಿನಲ್ಲಿ ಏನಿದೆ ಅಂತ ಒಮ್ಮೆ ಕೇಳಿ ನೋಡಲು ಅಡ್ಡಿಯಿಲ್ಲ. ಚಿನ್ನದಂತೆ ಇಟ್ಟುಕೊಂಡ ಎಲ್‌ಪಿಯನ್ನು ದಿನಾ ಅದರಲ್ಲಿ ಹಾಕುವುದು ನನಗಂತೂ ಒಪ್ಪಿಗೆಯಿಲ್ಲ.

ಜೋಡಿಸುವಾಗ ಆಂಪ್ಲಿಫೈಯರಿನಲ್ಲಿ "ಫೋನೊ" ಎಂದು ಬರೆದ ತೂತಿಗೇ ಕೊಡಿ. ಮ್ಯಾಗ್ನೆಟ್ ಕಾರ್ಟ್ರಿಜ್ ಕೊಡುವುದು ಕೆಲವೇ ಮಿಲಿವೋಲ್ಟ್. ಆಕ್ಸಿಗೆ ಕೊಟ್ಟರೆ ಸೊಳ್ಳೆ ಹಾಡಿದಂತೆ ಕೇಳುತ್ತದೆ. ಸಿಡಿಯನ್ನು ಫೋನೊಗೆ ಕೊಟ್ಟರೆ ಸಂತೆಯ ಮೈಕು. ಫೋನೊ ತೂತಿಲ್ಲದಿದ್ದರೆ ಅದಕ್ಕೆಂದೇ ಸಣ್ಣ ಪ್ರಿ-ಆಂಪ್ ಡಬ್ಬಿ ಸಿಗುತ್ತದೆ. ಜೊತೆಗಿರುವ ತೆಳು ಅರ್ತ್ ವೈರನ್ನು ತಿರುಪಿಗೆ ಕಟ್ಟದೆ ಬಿಟ್ಟರೆ ಹಾಡಿನ ಹಿಂದೆ ಗುಂಯ್ ಅನ್ನುವ ಶ್ರುತಿಪೆಟ್ಟಿಗೆ. ಕರೆಂಟು ಹೋಗಿ ಇನ್ವರ್ಟರ್ ಬಂದಾಗ ಮಾತ್ರ ಗುಂಯ್ ಅಂದರೆ ತಪ್ಪು ಹೆಚ್ಚಾಗಿ ಸ್ಕ್ವೇರ್ ವೇವ್ ಇನ್ವರ್ಟರಿನದ್ದು, ಪ್ಲೇಟಿನದ್ದಲ್ಲ.

ವೇಗ ಸರಿಯಿದೆಯೇ ನೋಡಲು ಉಪಕರಣ ಬೇಡ. ಪ್ಲೇಟಿನ ಅಂಚಿಗೆ ಕಾಗದದ ಚೂರು ಇಟ್ಟು ಎಣಿಸಿ: ಮೂರು ನಿಮಿಷಕ್ಕೆ ಸರಿಯಾಗಿ ನೂರು ಸುತ್ತು ಬರಬೇಕು. ಕಡಿಮೆ ಬಂದರೆ ಬೆಲ್ಟು ನೋಡಿ. ಅಮೆರಿಕದಿಂದ ನೆಂಟರು ತಂದುಕೊಟ್ಟ ಹಳೇ ಯಂತ್ರವಾದರೆ ಅಲ್ಲಿನ 60 ಹರ್ಟ್ಸ್ ಕರೆಂಟಿಗೆ ಮಾಡಿದ ಮೋಟಾರು ನಮ್ಮ 50 ಹರ್ಟ್ಸಿನಲ್ಲಿ ನಿಧಾನವಾಗಿಯೇ ತಿರುಗೀತು.

ಅಜ್ಜನ 78

ತಂಗಿಯ ಮಗನಿಗೆ ರಾಕ್ಷಸನ ದನಿ ಕೇಳಿದ್ದು 78ನ್ನು 45ರಲ್ಲಿ ಹಾಕಿದ್ದಕ್ಕೆ. ಆದರೆ ವೇಗ ಸರಿಮಾಡಿದರಷ್ಟೇ ಸಾಲದು. 78ರ ಗೆರೆ ಎಲ್‌ಪಿಯದ್ದಕ್ಕಿಂತ ಮೂರು ಪಟ್ಟು ಅಗಲ. ಎಲ್‌ಪಿಯ ತೆಳು ಮುಳ್ಳು ಅದರ ತಳಕ್ಕೆ ಬಿದ್ದು, ಅಲ್ಲಿ ಕೂತ ಕಸವನ್ನೇ ಹಾಡುತ್ತದೆ. 3 ಮಿಲ್ (ಮಿಲ್ ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು) ಅಳತೆಯ ಮುಳ್ಳು ಬೇಕು, ಎಲ್‌ಪಿಯದ್ದು 0.7 ಮಿಲ್. ಹಳೇ ಪ್ಲೇಯರುಗಳಲ್ಲಿ ಮುಳ್ಳಿನ ಪಕ್ಕ ಸಣ್ಣ ಕಿವಿ ಇರುತ್ತದೆ, ತಿರುಗಿಸಿದರೆ ಒಂದು ಬದಿ 78, ಇನ್ನೊಂದು ಬದಿ ಎಲ್‌ಪಿ. ಹಾಗಿದ್ದರೆ ನೀವು ಪುಣ್ಯವಂತರು. ಟರ್ನ್‌ಟೇಬಲ್‌ನಲ್ಲಿ 78ರ ವೇಗ ಇಲ್ಲದಿದ್ದರೂ ದಾರಿ ಇದೆ. ಸರಿಯಾದ ಮುಳ್ಳು ಹಾಕಿ 45ರಲ್ಲೇ ಓಡಿಸಿ, ಕಂಪ್ಯೂಟರಿನ ಆಡಾಸಿಟಿ ತಂತ್ರಾಂಶದಲ್ಲಿ ರೆಕಾರ್ಡ್ ಮಾಡಿ, ಆಮೇಲೆ ವೇಗವನ್ನು 1.733 ಪಟ್ಟು ಏರಿಸಿ.

ಕೀಲಿ ಕೊಡುವ ಗ್ರಾಮಫೋನೇ ಮನೆಯಲ್ಲಿದ್ದರೆ: ಹಿಡಿ ತಿರುಗಿಸುವಾಗ ಬಿಗಿ ಹತ್ತಿದ್ದು ಗೊತ್ತಾದ ಕೂಡಲೇ ನಿಲ್ಲಿಸಿ, ಕೊನೆಯವರೆಗೆ ತಿರುಚಿದರೆ ಸ್ಪ್ರಿಂಗು ಕಡಿಯುತ್ತದೆ. ಪ್ಲೇಟು ಪೂರಾ ವೇಗಕ್ಕೆ ಬಂದ ಮೇಲೆ ಮುಳ್ಳು ಇಳಿಸಿ. ಉಕ್ಕಿನ ಮುಳ್ಳು ಒಂದು ಬದಿಗೆ ಒಂದು. ಬದಿ ಮುಗಿಯಿತೋ, ಎಸೆಯಿರಿ. ಜಿಪುಣತನ ಮಾಡಿ ಅದೇ ಮುಳ್ಳನ್ನು ಮತ್ತೆ ಹಾಕಿದರೆ ಸವೆದ ತುದಿ ಉಳಿಯಂತೆ ಗೆರೆ ಕೆತ್ತುತ್ತದೆ. ಎಲ್‌ಪಿಯನ್ನಂತೂ ಇದರ ಹತ್ತಿರ ತರಬೇಡಿ. ಈ ಯಂತ್ರದ ತಲೆ ನೂರು ಗ್ರಾಮಿಗೂ ಹೆಚ್ಚು ಭಾರ, ಒಂದೇ ಸಲಕ್ಕೆ ಎಲ್‌ಪಿ ಉತ್ತ ಗದ್ದೆಯಾಗುತ್ತದೆ. ಪೇಟೆಗಳಲ್ಲಿ ಹೊಳೆಯುವ ಹಿತ್ತಾಳೆ ಕೊಳವೆ ಇಟ್ಟು "ಆಂಟಿಕ್" ಅಂತ ಮಾರುವ ಗ್ರಾಮಫೋನುಗಳಲ್ಲಿ ಬಹಳಷ್ಟು ಈಚೆಗೆ ಜೋಡಿಸಿದ ನಕಲು. ಶೋಕೇಸಿಗೆ ಸರಿ, ಅಜ್ಜನ ಪ್ಲೇಟಿಗೆ ಬೇಡ.

ಮತ್ತೆ ಟ್ರಂಕಿಗೆ

ಎಲ್ಲವನ್ನೂ ನಿಲ್ಲಿಸಿಯೇ ಇಡಿ, ಒಂದರ ಮೇಲೊಂದು ಪೇರಿಸಬೇಡಿ. ಹಳೇ ಕಾಗದದ ಕವರು ಬೂಷ್ಟಿನ ಬೀಜದ ಚೀಲ. ಒಳಗಿನದನ್ನು ಬದಲಿಸಿ, ಹೊರಗಿನ ಚಿತ್ರದ ಕವರನ್ನು ಬೇರೆಯಾಗಿ ಒಣಗಿಸಿ. ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಬಣ್ಣ ಬದಲಾದಾಗ ಒಣಗಿಸಿ ಮತ್ತೆ ಹಾಕಿ. ಬಟ್ಟೆಗೆ ಹಾಕುವ ನುಸಿಗುಳಿಗೆ ಇಲ್ಲಿ ಬೇಡ, ಅದರ ಆವಿ ಸಿಡಿಯ ಪ್ಲಾಸ್ಟಿಕ್ ಡಬ್ಬಿಯನ್ನು ಹಾಳು ಮಾಡುತ್ತದೆ. ನಾಗಂದಿಗೆಗಿಂತ ನಡುಮನೆಯ ಕಪಾಟು ವಾಸಿ, ಹೊರಗೋಡೆಗೆ ತಾಗಿದ್ದು ಬೇಡ.

ಮುಂಗಾರಿಗೆ ಮುಂಚಿನ ಗುಡುಗು ಶುರುವಾಗುವ ಮೊದಲೇ, ಮೋಡ ಕಟ್ಟಿದಾಗಲೇ, ಹಾಡು ಅರ್ಧಕ್ಕೆ ನಿಂತರೂ ಸರಿ, ಮೊದಲು ತಟ್ಟೆ ತೆಗೆಯಿರಿ, ಆಮೇಲೆ ಪ್ಲಗ್ ಕೀಳಿ. ತಟ್ಟೆ ಒಳಗೇ ಉಳಿದು ಕರೆಂಟು ಮೂರು ದಿನ ಬಾರದೆ ಹೋದರೆ ಟ್ರೇ ತೆರೆಯುವುದಿಲ್ಲ, ಆ ಮೂರು ದಿನದ ತೇವ ತಟ್ಟೆಗೂ ಲೆನ್ಸಿಗೂ ಒಟ್ಟಿಗೇ ಹಿಡಿಯುತ್ತದೆ. ಡಿವಿಡಿ ಪ್ಲೇಯರ್ ಟಿವಿಗೆ ಜೋಡಿಸಿದ್ದರೆ ಟಿವಿಯ ಪ್ಲಗ್ ಮತ್ತು ಡಿಶ್ಶಿನ ವೈರನ್ನೂ ಬಿಚ್ಚಿ. ಸಿಡಿಲು ಹೆಚ್ಚಾಗಿ ಆ ದಾರಿಯಲ್ಲೇ ಒಳಗೆ ಬರುತ್ತದೆ.